ಅಮೆರಿಕದ ಆರೋಗ್ಯ ವಿಮೆ ಕಾನೂನು: ಇಷ್ಟು ವರ್ಷಗಳಾದರೂ ಜಗಳ ತೀರದಿರುವುದೇಕೆ?

ಪ್ರಶ್ನೆ
ಮೈಸೂರಿನ ಓದುಗ:

ಎಲ್ಲರಿಗೂ ನಮಸ್ಕಾರ. 2025ರ ಅಕ್ಟೋಬರ್ 1ರಿಂದ 43 ದಿನಗಳ ಕಾಲ ಅಮೆರಿಕದ ಕೇಂದ್ರ ಸರ್ಕಾರದ ಅನೇಕ ಕಚೇರಿಗಳು ಕೆಲಸ ನಿಲ್ಲಿಸಿದ್ದವು. ಆರೋಗ್ಯ ವಿಮೆಯ ಪ್ರೀಮಿಯಂಗೆ ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ನೆರವನ್ನು ವರ್ಷಾಂತ್ಯದ ಆಚೆಗೂ ಮುಂದುವರಿಸಬೇಕೇ ಎಂಬುದೇ ಆ ಜಗಳದ ತಿರುಳಾಗಿತ್ತು. ಹಿಂದಿನದನ್ನು ಹುಡುಕಿ ಓದಿದಾಗ, 2013ರಲ್ಲಿಯೂ ಅದೇ ಅಕ್ಟೋಬರ್ 1ರಂದು, ಅದೇ ಕಾನೂನಿನ ಕಾರಣದಿಂದ, 16 ದಿನ ಸರ್ಕಾರ ನಿಂತುಹೋಗಿತ್ತೆಂದು ತಿಳಿಯಿತು. ಬರಾಕ್ ಒಬಾಮಾ 2010ರ ಮಾರ್ಚ್ 23ರಂದು ಸಹಿ ಹಾಕಿದ, ಜನರ ಬಾಯಲ್ಲಿ ಒಬಾಮಾಕೇರ್ ಎಂದೇ ಹೆಸರಾದ ಆ ಕಾನೂನಿನ ವಿಚಾರದಲ್ಲಿ ಒಬಾಮಾ ಅವರ ಡೆಮಾಕ್ರಟಿಕ್ ಪಕ್ಷ ಮತ್ತು ಎದುರಾಳಿ ರಿಪಬ್ಲಿಕನ್ ಪಕ್ಷ ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ನನ್ನ ಅಕ್ಕ, ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಮಗುವಿಗೆ ಆಸ್ತಮಾ ಇದೆ. ಭಾವನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಬಂದಾಗಲೆಲ್ಲ ಅಕ್ಕ ಮೊದಲು ಎತ್ತುವ ಮಾತು ಸಂಬಳದ್ದಲ್ಲ, ವಿಮೆಯದು. ಕೆಲಸಕ್ಕೂ ಕಾಯಿಲೆಗೂ ಈ ಗಂಟು ಬಿದ್ದದ್ದು ಹೇಗೆ? ಕೋಟಿಗಟ್ಟಲೆ ಜನರಿಗೆ ವಿಮೆ ಒದಗಿಸಿದ ಕಾನೂನನ್ನು ಅದರಿಂದ ಅನುಕೂಲ ಪಡೆಯಬಹುದಾಗಿದ್ದವರೇ ಏಕೆ ವಿರೋಧಿಸಿದರು? ಅಷ್ಟು ವಿರೋಧವಿದ್ದ ಮೇಲೆ ಅದು ರದ್ದಾಗದೆ ಉಳಿದದ್ದು ಹೇಗೆ? ಪಕ್ಷಗಳ ಘೋಷಣೆಗಳನ್ನು ಬದಿಗಿಟ್ಟು, ಅಲ್ಲಿ ಬದುಕಿದವರೂ ವಿಷಯವನ್ನು ಓದಿಕೊಂಡವರೂ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 1
ನಿವೃತ್ತ ಉಪನ್ಯಾಸಕಿ, ಧಾರವಾಡ:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಎರಡನೆಯ ಮಹಾಯುದ್ಧದಲ್ಲಿದೆ. ಯುದ್ಧಕಾಲದಲ್ಲಿ ಬೆಲೆಗಳು ಏರದಂತೆ ತಡೆಯಲು 1942ರಲ್ಲಿ ಅಮೆರಿಕ ಸರ್ಕಾರ ಕೂಲಿ ಮತ್ತು ಸಂಬಳಗಳ ಏರಿಕೆಗೆ ಕಡಿವಾಣ ಹಾಕಿತು. ಗಂಡಸರು ರಣರಂಗಕ್ಕೆ ಹೋಗಿದ್ದರು, ಕಾರ್ಖಾನೆಗಳಿಗೆ ಕೆಲಸಗಾರರು ಸಿಗುತ್ತಿರಲಿಲ್ಲ, ಹೆಚ್ಚು ಸಂಬಳ ಕೊಟ್ಟು ಕರೆಯುವುದಕ್ಕೆ ಕಾನೂನು ಬಿಡುತ್ತಿರಲಿಲ್ಲ. ಆದರೆ ಆರೋಗ್ಯ ವಿಮೆಯಂಥ ಸೌಲಭ್ಯಗಳು ಆ ಕಡಿವಾಣದ ಹೊರಗಿದ್ದುದರಿಂದ ಮಾಲೀಕರು ಅದನ್ನೇ ಮುಂದಿಟ್ಟು ಜನರನ್ನು ಸೆಳೆದರು. ಮಾಲೀಕರು ಕಟ್ಟುವ ಪ್ರೀಮಿಯಂ ನೌಕರರ ಪಾಲಿಗೆ ತೆರಿಗೆಗೆ ಒಳಪಡುವ ಆದಾಯವಲ್ಲ ಎಂದು 1954ರ ತೆರಿಗೆ ಸಂಹಿತೆ ಖಚಿತಪಡಿಸಿದ ಮೇಲೆ ಆ ವ್ಯವಸ್ಥೆ ಬೇರುಬಿಟ್ಟಿತು. ಇಂದು 15 ಕೋಟಿಗೂ ಹೆಚ್ಚು ಅಮೆರಿಕನ್ನರ ವಿಮೆ ನೌಕರಿಯ ಮೂಲಕವೇ ಬರುತ್ತದೆ. ಯಾರೂ ಕುಳಿತು ಯೋಚಿಸಿ ರೂಪಿಸದ ವ್ಯವಸ್ಥೆಯೊಂದು ಹೀಗೆ ಇಡೀ ದೇಶದ ಅಡಿಪಾಯವಾಯಿತು ಎಂಬುದನ್ನು ಗಮನದಲ್ಲಿಟ್ಟುಕೊಳ್ಳದೆ ಅಲ್ಲಿಯ ಚರ್ಚೆ ಅರ್ಥವಾಗುವುದಿಲ್ಲ.

ಎಲ್ಲರಿಗೂ ವಿಮೆ ಎಂಬ ಮಾತು ಒಬಾಮಾ ಅವರಿಂದ ಆರಂಭವಾದದ್ದಲ್ಲ. 1912ರಲ್ಲಿ ಥಿಯೊಡರ್ ರೂಸ್ವೆಲ್ಟ್ ಅವರ ಪ್ರಗತಿಪರ ಪಕ್ಷದ ಪ್ರಣಾಳಿಕೆಯಲ್ಲಿಯೇ ಅದರ ಬೀಜವಿತ್ತು. 1945ರ ನವೆಂಬರ್‌ನಲ್ಲಿ ಹ್ಯಾರಿ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾವವನ್ನು ಸಂಸತ್ತಿನ ಮುಂದಿಟ್ಟಾಗ ಅದನ್ನು ಎದುರಿಸಲು ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಮುಂದೆ ಪ್ರಚಾರ ಸಂಸ್ಥೆಯೊಂದನ್ನು ನೇಮಿಸಿಕೊಂಡು, ಇದು ಸಮಾಜವಾದಿ ವೈದ್ಯಪದ್ಧತಿ ಎಂದು ದೇಶದಾದ್ಯಂತ ಸಾರಿತು. ಶೀತಲ ಸಮರದ ಆ ದಿನಗಳಲ್ಲಿ ಆ ಒಂದು ಪದವೇ ಸಾಕಾಗಿತ್ತು. ಕೊನೆಗೆ 1965ರ ಜುಲೈ 30ರಂದು ಲಿಂಡನ್ ಜಾನ್ಸನ್ ಅವರು 65 ದಾಟಿದವರಿಗೆ ಮೆಡಿಕೇರ್ ಮತ್ತು ಬಡವರಿಗೆ ಮೆಡಿಕೇಯ್ಡ್ ಎಂಬ ಎರಡು ಯೋಜನೆಗಳಿಗೆ ಟ್ರೂಮನ್ ಅವರ ಊರಿಗೇ ಹೋಗಿ ಸಹಿ ಹಾಕಿ, ಮೆಡಿಕೇರ್‌ನ ಮೊದಲ ಕಾರ್ಡನ್ನು ಆ ವೃದ್ಧರ ಕೈಗಿತ್ತರು. ವೃದ್ಧರೂ ಅಲ್ಲದ, ಯೋಜನೆಗೆ ಸೇರುವಷ್ಟು ಬಡವರೂ ಅಲ್ಲದ, ನೌಕರಿಯ ವಿಮೆಯೂ ಇಲ್ಲದ ಜನ ನಡುವೆ ಉಳಿದುಬಿಟ್ಟರು. 2010ರ ಹೊತ್ತಿಗೆ ವಿಮೆಯಿಲ್ಲದವರ ಸಂಖ್ಯೆ ನಾಲ್ಕೂವರೆ ಕೋಟಿ ಮೀರಿತ್ತು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬಯಸುತ್ತೇನೆ. 1993ರಲ್ಲಿ ಬಿಲ್ ಕ್ಲಿಂಟನ್ ಅವರ ಯೋಜನೆಯ ವಿರುದ್ಧ ವಿಮಾ ಕಂಪನಿಗಳ ಸಂಘ ಕೊಡಿಸಿದ ಟಿ.ವಿ. ಜಾಹೀರಾತುಗಳಲ್ಲಿ ಹ್ಯಾರಿ ಮತ್ತು ಲೂಯಿಸ್ ಎಂಬ ನಡುವಯಸ್ಸಿನ ದಂಪತಿ ಮನೆಯಲ್ಲಿ ಕುಳಿತು, ತಮಗೆ ಈಗಿರುವುದು ಕೈಬಿಟ್ಟುಹೋಗುತ್ತದೆಂದು ಆತಂಕಪಡುತ್ತಿದ್ದರು. ಆ ಯೋಜನೆ 1994ರಲ್ಲಿ ಮತಕ್ಕೂ ಬಾರದೆ ಬಿದ್ದುಹೋಯಿತು. ವಿಮೆಯಿಲ್ಲದವರ ಕಷ್ಟಕ್ಕಿಂತ ವಿಮೆಯುಳ್ಳವರ ಭಯಕ್ಕೆ ರಾಜಕೀಯ ಬಲ ಹೆಚ್ಚು ಎಂಬುದು ಎರಡೂ ಪಕ್ಷಗಳಿಗೆ ಅಂದು ಮನದಟ್ಟಾಯಿತು. ಈಗ ಇರುವ ವಿಮೆ ಇಷ್ಟವಾಗಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದು ಎಂದು ಒಬಾಮಾ ಮತ್ತೆ ಮತ್ತೆ ಕೊಟ್ಟ ಮಾತು ಆ ಸೋಲಿನಿಂದಲೇ ಹುಟ್ಟಿದ್ದು ಎಂದು ನಾನು ತಿಳಿದಿದ್ದೇನೆ.

ಉತ್ತರ 2
ಡೆಟ್ರಾಯಿಟ್ ಕನ್ನಡಿಗ:

ಮೇಡಂ ಬರೆದದ್ದನ್ನು ನಾನು ಅನುಭವಿಸಿದ್ದೇನೆ. 2009ರ ಆರಂಭದಲ್ಲಿ ಕಾರು ಉದ್ಯಮ ಕುಸಿದಾಗ ಬಿಡಿಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿದ್ದ ನನ್ನ ಕೆಲಸ ಹೋಯಿತು. ಕೆಲಸ ಹೋದವರು 18 ತಿಂಗಳವರೆಗೆ ಹಳೆಯ ವಿಮೆಯನ್ನೇ ಮುಂದುವರಿಸಲು ಕೋಬ್ರಾ ಎಂಬ ಕಾನೂನು ಅವಕಾಶ ಕೊಡುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂ, ಅದರ ಮೇಲೆ ನೂರಕ್ಕೆ ಎರಡರಷ್ಟು ಖರ್ಚು, ಎಲ್ಲವನ್ನೂ ಸಂಬಳವಿಲ್ಲದವನೇ ಕಟ್ಟಬೇಕು. ಉಳಿತಾಯ ಕರಗುತ್ತ ಬಂದಾಗ ಬೇರೆ ಕಂಪನಿಯ ವಿಮೆಗೆ ಅರ್ಜಿ ಹಾಕಿದೆವು. ನನ್ನ ಹೆಂಡತಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು. ಎರಡು ಸಾಲಿನ ಪತ್ರ ಬಂತು: ನನಗೆ ವಿಮೆ ಕೊಡುತ್ತಾರಂತೆ, ಅವಳಿಗೆ ಇಲ್ಲ. ಆ ಪತ್ರವನ್ನು ಅವಳಿಗೆ ಓದಿ ಹೇಳಬೇಕಾಗಿ ಬಂದ ಸಂಜೆಯನ್ನು ನಾನು ಮರೆಯಲಾರೆ.

ಕಾಯಿಲೆ ಇದೆಯೆಂಬ ಕಾರಣಕ್ಕೆ ವಿಮೆ ನಿರಾಕರಿಸಬಾರದು, ಹೆಚ್ಚು ಹಣವನ್ನೂ ಕೇಳಬಾರದು ಎಂದು 2010ರ ಕಾನೂನು ವಿಧಿಸಿತು. ಆದರೆ ಅಷ್ಟನ್ನೇ ಮಾಡಿದರೆ ಜನ ಕಾಯಿಲೆ ಬೀಳುವವರೆಗೆ ಕಾದು, ಬಿದ್ದ ಮೇಲೆ ವಿಮೆ ಕೊಳ್ಳುತ್ತಾರೆ. ಆಗ ಪ್ರೀಮಿಯಂ ಯಾರ ಕೈಗೂ ಎಟುಕದಷ್ಟು ಏರುತ್ತದೆ. ಆದುದರಿಂದ ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲವಾದರೆ ದಂಡ ಎಂಬ ಎರಡನೆಯ ಅಂಶ ಬೇಕಾಯಿತು. ಕೊಳ್ಳಲು ಹಣವಿಲ್ಲದವನಿಗೆ ದಂಡ ಹಾಕುವುದು ಅನ್ಯಾಯವಾದುದರಿಂದ ಆದಾಯಕ್ಕೆ ತಕ್ಕ ಸಬ್ಸಿಡಿ ಎಂಬ ಮೂರನೆಯದೂ ಬಂತು. ಹಳ್ಳಿಯ ಮೂರು ಕಲ್ಲಿನ ಒಲೆಯಂತೆ ಇದನ್ನು ಕಲ್ಪಿಸಿಕೊಳ್ಳಿ. ಪಾತ್ರೆ ನಿಲ್ಲಬೇಕಾದರೆ ಮೂರೂ ಕಲ್ಲು ಬೇಕು. ಈ ಒಲೆಯನ್ನು ಮೊದಲು ಹೂಡಿದ್ದು 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ, ಆಗ ಅಲ್ಲಿಯ ರಾಜ್ಯಪಾಲರಾಗಿದ್ದವರು ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ. ಆದರೂ ಸಂಸತ್ತಿನ ಅಂತಿಮ ಮತದಾನದಲ್ಲಿ ಆ ಪಕ್ಷದ ಒಬ್ಬರೂ ಬೆಂಬಲಿಸಲಿಲ್ಲ. ಸೆನೆಟ್ 2009ರ ಡಿಸೆಂಬರ್ 24ರಂದು 60ಕ್ಕೆ 39 ಮತಗಳಿಂದ ಮಸೂದೆಯನ್ನು ಒಪ್ಪಿತ್ತು. ಮರುತಿಂಗಳೇ, ತೀರಿಕೊಂಡಿದ್ದ ಡೆಮಾಕ್ರಟಿಕ್ ಸೆನೆಟರ್ ಟೆಡ್ ಕೆನಡಿ ಅವರ ಸ್ಥಾನವನ್ನು ರಿಪಬ್ಲಿಕನ್ನರು ಗೆದ್ದುದರಿಂದ, ಸೆನೆಟ್‌ನಲ್ಲಿ ವಿರೋಧಿಗಳ ಅಡ್ಡಿಯನ್ನು ದಾಟಲು ಬೇಕಾದ ಆ 60ರ ಬಲ ಹೋಯಿತು. ಹಾಗಾಗಿ ಪ್ರತಿನಿಧಿ ಸಭೆ ಸೆನೆಟ್‌ನ ಮಸೂದೆಯನ್ನೇ ಇದ್ದಂತೆ 219ಕ್ಕೆ 212 ಮತಗಳಿಂದ ಅಂಗೀಕರಿಸಬೇಕಾಯಿತು.

ಲಾಭ ಪಡೆಯಬಹುದಾಗಿದ್ದವರೇ ಏಕೆ ವಿರೋಧಿಸಿದರು ಎಂದು ಕೇಳಿದ್ದೀರಿ. 2009ರ ಆಗಸ್ಟ್‌ನಲ್ಲಿ ನಮ್ಮ ಭಾಗದ ಸಂಸದರು ಕರೆದಿದ್ದ ಸಾರ್ವಜನಿಕ ಸಭೆಗೆ ನಾನು ಹೋಗಿದ್ದೆ. ಸರ್ಕಾರ ತನ್ನ ಮೆಡಿಕೇರ್ ಮುಟ್ಟಬಾರದು ಎಂದು ವೃದ್ಧರೊಬ್ಬರು ನಡುಗುವ ದನಿಯಲ್ಲಿ ಕೂಗಿದರು. ಮೆಡಿಕೇರ್ ಸರ್ಕಾರದ್ದೇ ಎಂದು ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಹೊಸ ವೆಚ್ಚಕ್ಕೆ ಹಣ ಹೊಂದಿಸಲು ಮೆಡಿಕೇರ್ ಆಸ್ಪತ್ರೆಗಳಿಗೂ ಖಾಸಗಿ ಯೋಜನೆಗಳಿಗೂ ಕೊಡಬೇಕಿದ್ದ ಹಣದ ಏರಿಕೆಯಲ್ಲಿ ಹತ್ತು ವರ್ಷಗಳಿಗೆ ಸುಮಾರು 50 ಸಾವಿರ ಕೋಟಿ ಡಾಲರ್ ತಗ್ಗಿಸುವ ಲೆಕ್ಕ ಆ ಮಸೂದೆಯಲ್ಲಿತ್ತು. ಅವರ ಹೆದರಿಕೆಗೆ ಆಧಾರವೇ ಇರಲಿಲ್ಲ ಎನ್ನಲಾಗದು. ಇದ್ದುದನ್ನು ಕಳೆದುಕೊಂಡವನು ನಾನು, ಕಳೆದುಕೊಳ್ಳುವೆನೆಂದು ಹೆದರಿದವರು ಅವರು. ಇಬ್ಬರೂ ಒಂದೇ ಸಭಾಂಗಣದಲ್ಲಿ ಎದುರುಬದುರಾಗಿ ನಿಂತಿದ್ದೆವು.

ಉತ್ತರ 3
ಟೆಕ್ಸಸ್‌ನಿಂದ, ಸ್ವಂತ ಉದ್ಯೋಗಿ:

ಡೆಟ್ರಾಯಿಟ್‌ನ ಸಹೋದರರ ಕಷ್ಟವನ್ನು ಓದಿ ನೋವಾಯಿತು. ಆದರೆ ಈ ಕಾನೂನಿನ ಇನ್ನೊಂದು ಮುಖವನ್ನು ಹೇಳದಿದ್ದರೆ ಪ್ರಶ್ನೆ ಕೇಳಿದವರಿಗೆ ಅನ್ಯಾಯವಾಗುತ್ತದೆ. ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವನು, ನನ್ನ ವಿಮೆಯನ್ನು ನಾನೇ ಕೊಳ್ಳುವವನು. 2013ರ ಕೊನೆಯಲ್ಲಿ, ನನ್ನ ಹಳೆಯ ವಿಮೆ ಹೊಸ ನಿಯಮಗಳಿಗೆ ಹೊಂದುವುದಿಲ್ಲವಾದ್ದರಿಂದ ರದ್ದಾಗಿದೆ ಎಂಬ ಪತ್ರ ಬಂತು. ಉಳಿಸಿಕೊಳ್ಳಬಹುದು ಎಂಬ ಅಧ್ಯಕ್ಷರ ಮಾತನ್ನು ನಾನು ನಂಬಿದ್ದೆ. ಲಕ್ಷಾಂತರ ಜನರಿಗೆ ಅಂಥ ಪತ್ರಗಳು ಹೋದವು, ಒಬಾಮಾ ಅವರು ಟಿ.ವಿ. ಸಂದರ್ಶನದಲ್ಲಿ ಕ್ಷಮೆ ಕೇಳಿದರು. ಹೊಸ ವಿಮೆಯಲ್ಲಿ ಸೌಲಭ್ಯಗಳು ಹೆಚ್ಚಿದ್ದುವು, ಒಪ್ಪುತ್ತೇನೆ. ಆದರೆ ನನ್ನ ಆದಾಯ ಬಡತನದ ಗೆರೆಯ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚಿದ್ದುದರಿಂದ ಒಂದು ಡಾಲರ್ ಸಬ್ಸಿಡಿಯೂ ಸಿಗಲಿಲ್ಲ; ನಾಲ್ಕು ವರ್ಷಗಳಲ್ಲಿ ನನ್ನ ಪ್ರೀಮಿಯಂ ಎರಡು ಪಟ್ಟಾಯಿತು, ಡಿಡಕ್ಟಬಲ್, ಅಂದರೆ ವಿಮೆ ಹಣ ಕೊಡತೊಡಗುವ ಮೊದಲು ನಾವೇ ಭರಿಸಬೇಕಾದ ಮೊತ್ತ, ಮುಟ್ಟುವಷ್ಟು ಕಾಯಿಲೆ ಬೀಳದ ವರ್ಷಗಳಲ್ಲಿ ವೈದ್ಯರ ಶುಲ್ಕವನ್ನೂ ಬಹುಪಾಲು ಕೈಯಿಂದಲೇ ಕೊಟ್ಟೆ.

ಎರಡನೆಯದು ತತ್ತ್ವದ ಮಾತು. ಬದುಕಿದ್ದೇನೆ ಎಂಬ ಒಂದೇ ಕಾರಣಕ್ಕೆ ಖಾಸಗಿ ಕಂಪನಿಯೊಂದರ ಸರಕನ್ನು ಕೊಳ್ಳಲೇಬೇಕೆಂದು ಸರ್ಕಾರ ನನ್ನನ್ನು ಬಲವಂತಪಡಿಸಬಹುದೇ? 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ತೀರ್ಮಾನಿಸಿದಾಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರು, ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರದಿಂದ ಹಾಗೆ ಬಲವಂತಪಡಿಸಲಾಗದು ಎಂದೇ ಬರೆದರು. ಆದರೆ ದಂಡವನ್ನು ತೆರಿಗೆಯೆಂದು ಓದಿಕೊಂಡು 5ಕ್ಕೆ 4ರಂತೆ ಕಾನೂನನ್ನು ಉಳಿಸಿದರು. 2017ರ ಡಿಸೆಂಬರ್‌ನ ತೆರಿಗೆ ಕಾನೂನು 2019ರಿಂದ ಆ ದಂಡವನ್ನು ಸೊನ್ನೆಗೆ ಇಳಿಸಿತು. ಒಲೆಯ ಒಂದು ಕಲ್ಲು ತೆಗೆದರೂ ಪಾತ್ರೆ ಬೀಳಲಿಲ್ಲವಲ್ಲ, ಹಾಗಾದರೆ ಆ ಬಲವಂತ ಬೇಕಾಗಿಯೇ ಇರಲಿಲ್ಲ ಎಂಬುದು ನನ್ನ ವಾದ.

2021ರಲ್ಲಿ ನೆರವನ್ನು ಹೆಚ್ಚಿಸಿ, ಪ್ರಮಾಣಿತ ಯೋಜನೆಯೊಂದರ ಪ್ರೀಮಿಯಂ ಆದಾಯದ ನೂರಕ್ಕೆ 8.5ನ್ನು ಮೀರದಂತೆ ಮಾಡಿದಾಗ ನನಗೂ ಉಸಿರು ಬಂತು. ಜನ ತಾವೇ ವಿಮೆ ಕೊಳ್ಳಲೆಂದು ಈ ಕಾನೂನು ತೆರೆದ ಮಾರುಕಟ್ಟೆಗಳಲ್ಲಿ ವಿಮೆ ಕೊಂಡವರ ಸಂಖ್ಯೆ ಸುಮಾರು 1.2 ಕೋಟಿಯಿಂದ 2025ರಲ್ಲಿ 2.4 ಕೋಟಿ ದಾಟಿತು. 2025ರ ಡಿಸೆಂಬರ್ 31ಕ್ಕೆ ಆ ನೆರವು ಮುಗಿಯಿತು. ಈಗ ನಾನು ಮತ್ತೆ 2017ರಲ್ಲಿದ್ದ ಜಾಗಕ್ಕೇ ಬಂದಿದ್ದೇನೆ. ಸರ್ಕಾರದ ಹಣ ಸುರಿದು ಪ್ರೀಮಿಯಂ ಮುಚ್ಚುವುದನ್ನು ಎರಡೂ ಪಕ್ಷಗಳು ಚರ್ಚಿಸುತ್ತವೆ, ಅದೇ ಸ್ಕ್ಯಾನಿಂಗ್‌ಗೆ ಬೇರೆ ದೇಶಗಳಿಗಿಂತ ಇಲ್ಲಿ ಅಷ್ಟೊಂದು ಬೆಲೆ ಏಕೆ ಎಂಬುದನ್ನು ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ.

ಉತ್ತರ 4
ಒಹಾಯೊದ ವೈದ್ಯೆ:

ಬೆಲೆಯ ಬಗ್ಗೆ ಟೆಕ್ಸಸ್‌ನ ಸರ್ ಹೇಳಿದ್ದು ಸರಿ. ದೇಶದ ಒಟ್ಟು ಉತ್ಪನ್ನದ ನೂರಕ್ಕೆ 17ಕ್ಕಿಂತ ಹೆಚ್ಚು ಆರೋಗ್ಯಕ್ಕೇ ಹೋಗುತ್ತದೆ. ಬೇರಾವ ಶ್ರೀಮಂತ ದೇಶವೂ ಇಷ್ಟು ಖರ್ಚು ಮಾಡುವುದಿಲ್ಲ. ಮೆಡಿಕೇರ್‌ಗೆ ಔಷಧಿಗಳನ್ನು ಸೇರಿಸಿದ 2003ರ ಕಾನೂನು, ಕಂಪನಿಗಳೊಡನೆ ಸರ್ಕಾರ ಬೆಲೆಯ ಚೌಕಾಸಿ ಮಾಡಬಾರದೆಂದೇ ಬರೆದಿತ್ತು. ಅದು ಸಡಿಲವಾಗಲು 2022ರವರೆಗೆ ಕಾಯಬೇಕಾಯಿತು. ಮೆಡಿಕೇರ್ ರೋಗಿಗಳಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದೆಂಬ ನಿಯಮವೂ ಆ ವರ್ಷದ ಕಾನೂನಿನದೇ.

ನಾನು ಹೇಳಬೇಕಾದದ್ದು ಸಾರ್ವಜನಿಕ ಚರ್ಚೆಯ ಬಗ್ಗೆ. ನಾನು ಹೆಚ್ಚಾಗಿ ವೃದ್ಧರನ್ನು ನೋಡುವವಳು. ಕೊನೆಯ ದಿನಗಳಲ್ಲಿ ವೆಂಟಿಲೇಟರ್ ಬೇಕೇ, ಆಸ್ಪತ್ರೆಯಲ್ಲಿರಬೇಕೇ ಮನೆಯಲ್ಲೇ ಇರಬೇಕೇ, ಮಾತನಾಡಲಾಗದ ಸ್ಥಿತಿ ಬಂದರೆ ಯಾರು ನಿರ್ಧರಿಸಬೇಕು ಎಂಬ ಮಾತುಕತೆಗೆ ಒಂದು ಗಂಟೆಯಾದರೂ ಬೇಕು; ಅದಕ್ಕೆ ಮೆಡಿಕೇರ್ ಹಣ ಕೊಡುತ್ತಿರಲಿಲ್ಲ. ರೋಗಿ ಬಯಸಿದರೆ ಐದು ವರ್ಷಕ್ಕೊಮ್ಮೆ ಅಂಥ ಸಮಾಲೋಚನೆಗೆ ಹಣ ಕೊಡಬೇಕೆಂದು 2009ರಲ್ಲಿ ಪ್ರತಿನಿಧಿ ಸಭೆಯ ಮಸೂದೆಯ ಒಂದು ಕಲಂ ಹೇಳಿತ್ತು. ಆ ಆಗಸ್ಟ್‌ನಲ್ಲಿ, ಹಿಂದಿನ ವರ್ಷ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರು, ತಮ್ಮ ವೃದ್ಧ ತಂದೆತಾಯಿ ಮತ್ತು ಡೌನ್ ಸಿಂಡ್ರೋಮ್ ಇರುವ ತಮ್ಮ ಮಗು ಅಧಿಕಾರಿಗಳ ಸಾವಿನ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ ಎಂದು ಫೇಸ್‌ಬುಕ್‌ನಲ್ಲಿ ಬರೆದರು. ಮಸೂದೆಯಲ್ಲಿ ಅಂಥ ಮಂಡಳಿ ಇರಲಿಲ್ಲ. ಆದರೂ ನನ್ನ ರೋಗಿಗಳು, ಹತ್ತು ಹದಿನೈದು ವರ್ಷಗಳಿಂದ ನನ್ನನ್ನು ಬಲ್ಲವರು, ಡಾಕ್ಟರೇ ನಿಮಗೂ ಪಟ್ಟಿ ಬಂದಿದೆಯೇ ಎಂದು ಕಣ್ಣಲ್ಲಿ ಭಯವಿಟ್ಟುಕೊಂಡು ಕೇಳಿದರು. ಆ ಕಲಂ ಅಂತಿಮ ಕಾನೂನಿಗೆ ಬರಲಿಲ್ಲ. ಮುಂದೆ 2016ರ ಜನವರಿಯಿಂದ ಮೆಡಿಕೇರ್ ಇಲಾಖೆಯ ನಿಯಮದ ಮೂಲಕವೇ ಅದೇ ಸಮಾಲೋಚನೆಗೆ ಹಣ ಕೊಡತೊಡಗಿತು. ಮೊದಲಿನ ಗದ್ದಲದ ಅರೆಪಾಲೂ ಆಗ ಏಳಲಿಲ್ಲ. ನಡುವಿನ ಆರು ವರ್ಷಗಳಲ್ಲಿ ಆ ಮಾತುಕತೆಯಿಲ್ಲದೆಯೇ, ತಾವು ಬಯಸದ ರೀತಿಯಲ್ಲಿ ತೀರಿಕೊಂಡವರನ್ನು ನಾನು ನೋಡಿದ್ದೇನೆ. ಇದಕ್ಕಾಗಿ ನನಗೆ ಇಂದಿಗೂ ಸಿಟ್ಟಿದೆ.

ಹೇಳಿಕೆಗಳ ಸತ್ಯಾಸತ್ಯವನ್ನು ಪರಿಶೀಲಿಸುವ ಪಾಲಿಟಿಫ್ಯಾಕ್ಟ್ 2009ರ ಅತಿ ದೊಡ್ಡ ಸುಳ್ಳು ಎಂದು ಆಯ್ದದ್ದು ಈ ಸಾವಿನ ಮಂಡಳಿಯನ್ನು. 2013ರಲ್ಲಿ ಅದೇ ಸಂಸ್ಥೆ ಆಯ್ದದ್ದು, ಸರ್, ನೀವು ನಂಬಿದ ಒಬಾಮಾ ಅವರ ಆ ಮಾತನ್ನು. ಎರಡನ್ನೂ ನಾವು ನೆನಪಿಟ್ಟುಕೊಳ್ಳಬೇಕು.

ನಮ್ಮವರ ಪಾಲೂ ಈ ಚರ್ಚೆಯಲ್ಲಿದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರು ಈ ಕಾನೂನಿನ ಪರವಾಗಿ ವೈದ್ಯರನ್ನು ಸಂಘಟಿಸಿದ ಡಾಕ್ಟರ್ಸ್ ಫಾರ್ ಅಮೆರಿಕ ಸಂಸ್ಥೆಯ ಸ್ಥಾಪಕರಲ್ಲೊಬ್ಬರು. ಅವರನ್ನು ಸಾರ್ವಜನಿಕ ಆರೋಗ್ಯದ ವಿಚಾರದಲ್ಲಿ ದೇಶದ ಮುಖ್ಯ ವೈದ್ಯರೆನಿಸುವ ಸರ್ಜನ್ ಜನರಲ್ ಸ್ಥಾನಕ್ಕೆ ಹೆಸರಿಸಿದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ನೇಮಕ ತಡೆದು ನಿಂತಿತ್ತು. 2014ರ ಡಿಸೆಂಬರ್‌ನಲ್ಲಿ ಸೆನೆಟ್ 51ಕ್ಕೆ 43 ಮತಗಳಿಂದ ಒಪ್ಪಿತು. ಬಂದೂಕುಗಳ ಬಗ್ಗೆ ಅವರು ಆಡಿದ್ದ ಮಾತು ಅದಕ್ಕೆ ಮುಖ್ಯ ಕಾರಣ, ಆದರೆ ಈ ಕಾನೂನಿನ ಪರ ನಿಂತದ್ದನ್ನೂ ವಿರೋಧಿಗಳು ಎತ್ತಿದ್ದರು.

ಮೈಸೂರಿನ ಓದುಗ:

ತಮ್ಮೆಲ್ಲರಿಗೂ ಕೃತಜ್ಞತೆಗಳು. ರದ್ದತಿಯ ಪ್ರಶ್ನೆ ಉಳಿದಿದೆ. 2017ರಲ್ಲಿ ಅಧ್ಯಕ್ಷ ಪದವಿ, ಸಂಸತ್ತಿನ ಎರಡೂ ಸದನಗಳು ರಿಪಬ್ಲಿಕನ್ನರ ಕೈಯಲ್ಲಿಯೇ ಇದ್ದುವಲ್ಲವೇ?

ನಿವೃತ್ತ ಉಪನ್ಯಾಸಕಿ, ಧಾರವಾಡ:

ಇದ್ದವು. ಒಬಾಮಾ ಅವಧಿಯಲ್ಲಿ ಪ್ರತಿನಿಧಿ ಸಭೆ 50ಕ್ಕೂ ಹೆಚ್ಚು ಬಾರಿ ಈ ಕಾನೂನನ್ನು ಪೂರ್ತಿಯಾಗಿ ಅಥವಾ ಭಾಗಶಃ ರದ್ದುಪಡಿಸಲು ಮತ ಹಾಕಿತ್ತು. ಅಧ್ಯಕ್ಷರು ಸಹಿ ಹಾಕುವುದಿಲ್ಲವೆಂದು ಗೊತ್ತಿದ್ದಾಗ ಮತ ಹಾಕುವುದು ಸುಲಭ. 2017ರಲ್ಲಿ ಮೊದಲ ಬಾರಿಗೆ ಆ ಮತ ನಿಜವಾಗುವ ಸಂದರ್ಭ ಬಂದಾಗ, 1994ರಲ್ಲಿ ಕ್ಲಿಂಟನ್ ಅವರನ್ನು ಸೋಲಿಸಿದ ಭಯವೇ ಈ ಬಾರಿ ಕಾನೂನಿನ ರಕ್ಷಣೆಗೆ ಬಂತು. ಕಳೆದುಕೊಳ್ಳಲು ಏನಾದರೂ ಇರುವ ಜನರ ಪಟ್ಟಿಗೆ ಅಷ್ಟರಲ್ಲಿ, ಈ ಕಾನೂನು ಮೆಡಿಕೇಯ್ಡನ್ನು ಹೆಚ್ಚು ಜನರಿಗೆ ವಿಸ್ತರಿಸಿದ್ದರಿಂದ ಅದನ್ನು ಹೊಸದಾಗಿ ಪಡೆದವರು, 26 ವರ್ಷದವರೆಗೆ ಅಪ್ಪ ಅಮ್ಮನ ವಿಮೆಯಲ್ಲಿಯೇ ಇರಬಹುದಾದ ಯುವಕರು, ಹಳೆಯ ಕಾಯಿಲೆಯುಳ್ಳವರು ಸೇರಿದ್ದರು. ಮೇ ತಿಂಗಳಲ್ಲಿ ಪ್ರತಿನಿಧಿ ಸಭೆ 217ಕ್ಕೆ 213 ಮತಗಳಿಂದ ಒಪ್ಪಿದ ಮಸೂದೆಯಿಂದ ಹತ್ತು ವರ್ಷಗಳಲ್ಲಿ 2.3 ಕೋಟಿ ಹೆಚ್ಚು ಜನ ವಿಮೆಯಿಲ್ಲದವರಾಗುತ್ತಾರೆಂದು ಸಂಸತ್ತಿನದೇ ಆಯವ್ಯಯ ಕಚೇರಿ ಅಂದಾಜಿಸಿತು. 2009ರ ಆಗಸ್ಟ್ ಮಾದರಿಯ ಸಭೆಗಳು ಮತ್ತೆ ನಡೆದವು, ಈ ಬಾರಿ ಕೂಗಿದವರು ಉಳಿಸಿ ಎಂದು ಕೂಗಿದರು. ಕೈಸರ್ ಫ್ಯಾಮಿಲಿ ಫೌಂಡೇಷನ್ನಿನ ಸಮೀಕ್ಷೆಗಳಲ್ಲಿ ಕಾನೂನಿನ ಪರ ಇರುವವರು ಸ್ಪಷ್ಟವಾಗಿ ಮೇಲುಗೈ ಪಡೆದದ್ದು ರದ್ದತಿಯ ಪ್ರಯತ್ನ ನಡೆದ ಆ ವರ್ಷದಿಂದಲೇ. ಜುಲೈ 28ರ ನಡುರಾತ್ರಿಯ ನಂತರ, ಮೆದುಳಿನ ಕ್ಯಾನ್ಸರ್ ಇದೆಯೆಂದು ಕೆಲವೇ ದಿನಗಳ ಹಿಂದೆ ತಿಳಿದಿದ್ದ ರಿಪಬ್ಲಿಕನ್ ಸದಸ್ಯ ಜಾನ್ ಮೆಕೇನ್ ಅವರು ಸೆನೆಟ್‌ನಲ್ಲಿ ಹೆಬ್ಬೆರಳನ್ನು ಕೆಳಗೆ ತೋರಿಸಿದರು. ಅದೇ ಪಕ್ಷದ ಸೂಸನ್ ಕಾಲಿನ್ಸ್ ಮತ್ತು ಲಿಸಾ ಮರ್ಕೌಸ್ಕಿ ಅವರೂ ವಿರೋಧಿಸಿದ್ದುದರಿಂದ ಮಸೂದೆ 49ಕ್ಕೆ 51ರಲ್ಲಿ ಬಿತ್ತು.

ಹಾಗೆಂದು ಕಾನೂನು ಭದ್ರವಾಗಿದೆ ಎನ್ನಲಾರೆ. ರದ್ದು ಎಂಬ ಪದವನ್ನು ಬಳಸದೆಯೇ ಬೇಲಿಯನ್ನು ಒಳಗೆ ಸರಿಸುವುದು ಈಗಿನ ದಾರಿ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನಿನ ಪ್ರಕಾರ, ವಿಸ್ತರಿತ ಮೆಡಿಕೇಯ್ಡ್ ಪಡೆಯುವ ವಯಸ್ಕರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಿಂಗಳಿಗೆ 80 ಗಂಟೆ ದುಡಿಯುತ್ತಿರುವುದನ್ನೋ ಓದುತ್ತಿರುವುದನ್ನೋ ದಾಖಲೆಸಹಿತ ತೋರಿಸಬೇಕು. 2027ರ ಆರಂಭದೊಳಗೆ ಇದು ಜಾರಿಗೆ ಬರಬೇಕು. ದುಡಿಯಬಲ್ಲವರು ದುಡಿಯಲಿ ಎಂಬ ವಾದಕ್ಕೆ ಜನಬೆಂಬಲವಿದೆ. ಆದರೆ ದುಡಿಯುತ್ತಿದ್ದೂ ಕಾಗದಪತ್ರ ಒದಗಿಸಲಾಗದೆ ಹೊರಬೀಳುವವರೇ ಹೆಚ್ಚಾಗಿರುತ್ತಾರೆಂಬುದು ನನ್ನ ಆತಂಕ. ಆ ಕಾನೂನಿನ ಒಟ್ಟು ಪರಿಣಾಮವಾಗಿ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಹೆಚ್ಚು ಜನ ವಿಮೆಯಿಲ್ಲದವರಾಗುತ್ತಾರೆಂಬುದು ಅದೇ ಆಯವ್ಯಯ ಕಚೇರಿಯ ಅಂದಾಜು.

ಟೆಕ್ಸಸ್‌ನಿಂದ, ಸ್ವಂತ ಉದ್ಯೋಗಿ:

ಮೇಡಂ ಮೆಡಿಕೇಯ್ಡ್ ಮಾತೆತ್ತಿದ್ದರಿಂದ ನಾನು ಮೊದಲು ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ನಾನು ಮೇಲೆ ಹೇಳಿದ 2012ರ ತೀರ್ಪೇ, ಮೆಡಿಕೇಯ್ಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 40 ರಾಜ್ಯಗಳು ಒಪ್ಪಿದವು. ಟೆಕ್ಸಸ್ ಇಂದಿಗೂ ಒಪ್ಪಿಲ್ಲ. ನಾನು ಕೆಲವು ಗ್ರಾಹಕರ ತೆರಿಗೆ ಪತ್ರಗಳನ್ನು ಹಣ ತೆಗೆದುಕೊಳ್ಳದೆ ತುಂಬಿಕೊಡುತ್ತೇನೆ. ಅವರಲ್ಲೊಬ್ಬರು ಒಂಟಿ ಮಹಿಳೆ, ಎರಡು ಕಡೆ ಅರೆಕಾಲಿಕ ಕೆಲಸ, ವರ್ಷಕ್ಕೆ ಸುಮಾರು 12 ಸಾವಿರ ಡಾಲರ್ ಆದಾಯ. ಮಕ್ಕಳಿಲ್ಲದ, ಅಂಗವಿಕಲರಲ್ಲದ ವಯಸ್ಕರಿಗೆ ಟೆಕ್ಸಸ್‌ನಲ್ಲಿ ಮೆಡಿಕೇಯ್ಡ್ ಇಲ್ಲ. ಮಾರುಕಟ್ಟೆಯ ವಿಮೆಗೆ ಸಬ್ಸಿಡಿ ಸಿಗಬೇಕಾದರೆ ಆದಾಯ ಬಡತನದ ಗೆರೆಯನ್ನು, ಅಂದರೆ ಒಂಟಿಯಾಗಿರುವವರಿಗೆ 15 ಸಾವಿರ ಡಾಲರ್‌ಗಿಂತ ತುಸು ಹೆಚ್ಚಿನ ಮೊತ್ತವನ್ನು, ಮುಟ್ಟಬೇಕು. ಕಾನೂನು ಬರೆದವರು ಆ ಗೆರೆಯ ಕೆಳಗಿನವರಿಗೆಲ್ಲ ಮೆಡಿಕೇಯ್ಡ್ ಇದ್ದೇ ಇರುತ್ತದೆಂದು ನಂಬಿದ್ದರಿಂದ ಅಲ್ಲಿ ಸಬ್ಸಿಡಿಯನ್ನೇ ಇಡಲಿಲ್ಲ. ತಾವು ಹೆಚ್ಚು ಬಡವರಾಗಿರುವುದರಿಂದ ನೆರವಿಲ್ಲ ಎಂದು ಆಕೆಗೆ ಹೇಳಬೇಕಾಗಿ ಬಂದಾಗ, ಲೆಕ್ಕದಲ್ಲಿ ನಾನೇ ತಪ್ಪಿದ್ದೇನೆಂದು ಆಕೆ ಭಾವಿಸಿದರು.

ಮಿಸೌರಿ, ಒಕ್ಲಹೋಮ, ದಕ್ಷಿಣ ಡಕೋಟಾದಂಥ ರಿಪಬ್ಲಿಕನ್ ರಾಜ್ಯಗಳಲ್ಲಿ ಮತದಾರರೇ ಸಹಿ ಸಂಗ್ರಹಿಸಿ, ಜನಮತಗಣನೆ ನಡೆಸಿ, ಶಾಸಕರನ್ನು ಬದಿಗಿಟ್ಟು ವಿಸ್ತರಣೆಯನ್ನು ಗೆದ್ದುಕೊಂಡರು. ಟೆಕ್ಸಸ್‌ನ ಸಂವಿಧಾನದಲ್ಲಿ ಹಾಗೆ ರಾಜ್ಯದ ಕಾನೂನನ್ನು ಜನರೇ ಮುಂದಿಡುವ ಅವಕಾಶವಿಲ್ಲ. ಆದುದರಿಂದ ನಾನು ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿದ್ದೇನೆ. ಬಲವಂತದ ವಿಮೆಯನ್ನು ಇಂದಿಗೂ ವಿರೋಧಿಸುವವನು ನಾನು ಎಂದು ಮೊದಲ ಸಾಲಿನಲ್ಲಿಯೇ ತಿಳಿಸಿ, ಈ ಮಹಿಳೆಯ ಲೆಕ್ಕವನ್ನು ಹೆಸರಿಲ್ಲದೆ ಅದರ ಕೆಳಗೆ ಬರೆದೆ.